ಉಮಾ: ಒಂದೇ ಹೆಸರು, ಎರಡು ಊರು



ಶಾಂತಸಾಗರದ ನಡುವೆ, ಭೂಮಧ್ಯರೇಖೆಯ ಪಕ್ಕದಲ್ಲಿ, ಬನಾಬಾ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 6 ಚದರ ಕಿಲೋಮೀಟರು. ಅಲ್ಲಿ ನಾಲ್ಕು ಹಳ್ಳಿಗಳಿದ್ದವು, ಉಮಾ ಅವುಗಳಲ್ಲೊಂದು. ಹೊಳೆಯಿಲ್ಲ, ತೊರೆಯಿಲ್ಲ. ಬರ ಬಂದಾಗ ಹೆಂಗಸರು ನೆಲದೊಳಗಿನ ಗವಿಗಳಿಗೆ ಇಳಿದು ನೀರು ತರುತ್ತಿದ್ದರು. ಆ ಗವಿಗಳಿಗೆ ಗಂಡಸರು ಕಾಲಿಡುವಂತಿರಲಿಲ್ಲ.

ಇಂಥ ನೆಲದಲ್ಲಿ 1900ರಲ್ಲಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಇರುವುದು ತಿಳಿಯಿತು. ಕಂಪನಿಯವರು ಹಡಗಿನಲ್ಲಿ ಬಂದು ಕರಾರು ಬರೆಸಿಕೊಂಡರು. ವರ್ಷಕ್ಕೆ 50 ಪೌಂಡು. ಅವಧಿ 999 ವರ್ಷ! ಬನಾಬಾದಲ್ಲಿ ಭೂಮಿ ಒಬ್ಬೊಬ್ಬರದು. ಇಡೀ ದ್ವೀಪವನ್ನು ಬರೆದುಕೊಡುವ ಹಕ್ಕು ಯಾರಿಗೂ ಇರಲಿಲ್ಲ. 1920ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳೇ ಗಣಿಯನ್ನು ಕೊಂಡವು. ಅವರ ಹುಲ್ಲುಗಾವಲು ಹಸುರಾಯಿತು. ಇವರ ತೋಟ ಹಳ್ಳವಾಯಿತು.

1942ರ ಆಗಸ್ಟಿನಲ್ಲಿ ಜಪಾನೀ ಸೈನ್ಯ ಇಳಿಯಿತು. ಅನ್ನವಿಲ್ಲದೆ ಜನ ಸತ್ತರು. ಉಳಿದವರಲ್ಲಿ ಹೆಚ್ಚಿನವರನ್ನು ತರಾವಾ, ನೌರು, ಕೊಸ್ರೇ ದ್ವೀಪಗಳಿಗೆ ಸಾಗಿಸಿದರು. ದುಡಿಮೆಗೆಂದು ಸುಮಾರು 150 ಗಂಡಸರನ್ನು ಇಟ್ಟುಕೊಂಡರು. 1945ರ ಆಗಸ್ಟಿನಲ್ಲಿ ಜಪಾನು ಶರಣಾದ ಮೇಲೆ, ಯುದ್ಧ ಮುಗಿದ ಮೇಲೆ, ಅವರನ್ನು ಸಮುದ್ರದಂಚಿಗೆ ಒಯ್ದು ಕೊಂದರು. ಬದುಕುಳಿದವನು ಕಬುನಾರೆ ಒಬ್ಬನೇ. ತಿಂಗಳುಗಟ್ಟಲೆ ಅಡಗಿದ್ದು ಹೊರಬಂದ ಅವನ ಬಾಯಿಂದಲೇ ಲೋಕಕ್ಕೆ ಸುದ್ದಿ ತಿಳಿಯಿತು.

ಗೆದ್ದ ಬ್ರಿಟಿಷರು ಏನು ಮಾಡಿದರು? ಚದುರಿದ್ದ ಜನರನ್ನು ಒಟ್ಟುಗೂಡಿಸಿ, "ನಿಮ್ಮ ಊರುಗಳು ಹಾಳಾಗಿವೆ, ಅಲ್ಲಿ ವಾಸ ಸಾಧ್ಯವಿಲ್ಲ" ಎಂದರು. ಸುಮಾರು 2,000 ಕಿಲೋಮೀಟರ್ ದೂರದ ಫಿಜಿಯ ರಾಂಬಿ ದ್ವೀಪಕ್ಕೆ 1945ರ ಡಿಸೆಂಬರ್ 15ರಂದು ತಂದಿಳಿಸಿದರು. ಆ ದ್ವೀಪವನ್ನು ಕೊಂಡದ್ದೂ ಬನಾಬಾದವರದೇ ಹಣದಿಂದ! ಬಿರುಗಾಳಿಯ ಕಾಲ, ವಾಸಕ್ಕೆ ಸೈನ್ಯದ ಡೇರೆಗಳು, ಎರಡು ತಿಂಗಳ ದಿನಸಿ. ಇತ್ತ ವಾಸಕ್ಕಾಗದ ಬನಾಬಾದಲ್ಲಿ ಗಣಿ ಮತ್ತೆ ಶುರುವಾಯಿತು. ಅದು ನಿಂತದ್ದು 1979ರಲ್ಲಿ, ಕಲ್ಲು ತೀರಿದ ಮೇಲೆ.

ಆ ಜನ ಸುಮ್ಮನಿರಲಿಲ್ಲ. ಲಂಡನ್ನಿನ ನ್ಯಾಯಾಲಯದವರೆಗೆ ಹೋದರು. ನ್ಯಾಯಾಧೀಶ ಮೆಗಾರಿ ದ್ವೀಪಕ್ಕೇ ಬಂದು ನೋಡಿ, 1976ರಲ್ಲಿ ತೀರ್ಪಿತ್ತರು: ಜನರಿಗೆ ಅನ್ಯಾಯವಾಗಿದೆ ನಿಜ, ಆದರೆ ಸರ್ಕಾರದ ಮೇಲಿರುವುದು ನೈತಿಕ ಹೊಣೆ, ಕಾನೂನಿನ ಹೊಣೆಯಲ್ಲ.

ಬಂಧುಗಳೇ, ಬಂದೂಕು ಹಿಡಿದವನ ಅಪರಾಧಕ್ಕೆ ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಕರಾರು ಹಿಡಿದವನ ಕೆಲಸಕ್ಕೆ ಅಪರಾಧವೆಂಬ ಹೆಸರೂ ಬರಲಿಲ್ಲ. ಈ ವ್ಯತ್ಯಾಸವನ್ನು ನಾವು ಗಮನಿಸಬೇಕು.

ರಾಂಬಿಯಲ್ಲಿ ಅವರು ಕಟ್ಟಿಕೊಂಡ ನಾಲ್ಕು ಊರುಗಳಿಗೆ ಹಳೆಯ ನಾಲ್ಕು ಹೆಸರುಗಳನ್ನೇ ಇಟ್ಟರು. ಅಲ್ಲಿಯೂ ಒಂದು ಉಮಾ ಇದೆ. ಡಿಸೆಂಬರ್ 15 ಬಂದಾಗಲೆಲ್ಲ ಅವರು ಬಂದಿಳಿದ ದಿನವನ್ನು ನೆನೆಯುತ್ತಾರೆ. ಮಕ್ಕಳಿಗೆ ಕಥೆ ಹೇಳಿಕೊಡುತ್ತಾರೆ. ಆ ಕಥೆ ನಮ್ಮ ಮಕ್ಕಳಿಗೂ ಗೊತ್ತಿರಲೆಂದು ಇಷ್ಟು ಹೇಳಿದೆವು.