ಕತ್ತರಿಗೆ ಸಿಕ್ಕ ಕಥೆಗಳು



ಮೂರು ನಾಲ್ಕು ಸಣ್ಣ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿ ಹೇಳುವ ಹಳೆಯ ಹಾರರ್ ಸಿನಿಮಾಗಳ ಬಗ್ಗೆ ಮಾತಾಡಲು ಸೇರಿದ್ದೇವೆ. ಇಷ್ಟು ವರ್ಷ ಕಳೆದರೂ ಇವು ನಮ್ಮನ್ನು ಯಾಕೆ ಹಿಡಿದು ಕೂರಿಸುತ್ತವೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ಭಯ ಚಿಕ್ಕದಾದಷ್ಟೂ ಚುರುಕು, ದೆವ್ವವೂ ಎರಡು ಗಂಟೆ ಎದುರಿಗೇ ಇದ್ದರೆ ಮನೆಗೆ ಬಂದ ನೆಂಟರಂತೆ ಅಭ್ಯಾಸವಾಗಿಬಿಡುತ್ತದೆ. ಮಾತು ಸುಳ್ಳಲ್ಲ. ಆದರೆ ಸೆಳೆತವೆಲ್ಲ ಅಷ್ಟರಲ್ಲೇ ಇದ್ದಿದ್ದರೆ, ನಡುವಿನಿಂದ ಒಂದೆರಡು ಕಥೆ ಕಿತ್ತುಹಾಕಿದರೂ ಚಿತ್ರಕ್ಕೆ ಏನೂ ಆಗಬಾರದಿತ್ತು. ವಿತರಕರು ಹಾಗೆಯೇ ನಂಬಿದ್ದರು, ಕಿತ್ತೂ ಹಾಕಿದರು. ಈ ಪ್ರಕಾರದ ಜೀವ ಎಲ್ಲಿದೆ ಎಂಬುದು ಆ ಕತ್ತರಿ ಬಿದ್ದ ಜಾಗಗಳಲ್ಲೇ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

1945ರ ಸೆಪ್ಟೆಂಬರ್, ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಲಂಡನ್ನಿನ ಈಲಿಂಗ್ ಸ್ಟುಡಿಯೋದಿಂದ ‘ಡೆಡ್ ಆಫ್ ನೈಟ್’ ಬಂತು. ಆಲ್ಬರ್ಟೊ ಕವಲ್ಕಾಂಟಿ, ಚಾರ್ಲ್ಸ್ ಕ್ರೈಟನ್, ಬೇಸಿಲ್ ಡಿಯರ್ಡನ್, ರಾಬರ್ಟ್ ಹೇಮರ್ ಎಂಬ ನಾಲ್ವರು ಅದರ ನಿರ್ದೇಶಕರು. ವಾಲ್ಟರ್ ಕ್ರೇಗ್ ಎಂಬ ವಾಸ್ತುಶಿಲ್ಪಿ ಕೆಲಸದ ಮೇಲೆ ಒಂದು ಹಳ್ಳಿಮನೆಗೆ ಬರುತ್ತಾನೆ. ಹಜಾರದಲ್ಲಿ ಕೂತಿರುವ ಎಲ್ಲರನ್ನೂ ಅವನು ಕನಸಿನಲ್ಲಿ ಮತ್ತೆ ಮತ್ತೆ ಕಂಡಿದ್ದಾನೆ. ಮುಂದೆ ಏನಾಗುತ್ತದೆ ಎಂಬುದೂ ಅವನಿಗೆ ತುಣುಕು ತುಣುಕಾಗಿ ನೆನಪಾಗುತ್ತದೆ. ಇದನ್ನು ಕೇಳಿ ಒಬ್ಬೊಬ್ಬರೂ ತಮ್ಮ ಬದುಕಿನಲ್ಲಿ ನಡೆದ, ವಿವರಿಸಲಾಗದ ಒಂದೊಂದು ಪ್ರಸಂಗ ಹೇಳತೊಡಗುತ್ತಾರೆ. ಕನ್ನಡಿಯಲ್ಲಿ ಬೇರೊಂದು ಕೋಣೆ ಕಾಣುವ ಗಂಡನ ಕಥೆ, ಕ್ರಿಸ್‌ಮಸ್ ಹಬ್ಬದ ದಿನ ಕಣ್ಣಾಮುಚ್ಚಾಲೆ ಆಡುತ್ತಾ ಅಳುವ ಹುಡುಗನೊಬ್ಬನ ಕೋಣೆಗೆ ಹೋದ ಸ್ಯಾಲಿಯ ಕಥೆ, ಕೊನೆಗೆ ತನ್ನ ಮಾತಾಡುವ ಗೊಂಬೆಯ ಹಿಡಿತಕ್ಕೆ ಸಿಕ್ಕ ಕಲಾವಿದನ ಕಥೆ. ಆ ಕಲಾವಿದನಾಗಿ ಮೈಕೆಲ್ ರೆಡ್‌ಗ್ರೇವ್ ಮಾಡಿದ ಅಭಿನಯವನ್ನು ಮೀರಿಸಿದ್ದನ್ನು ಈ ಪ್ರಕಾರದಲ್ಲಿ ನಾನು ಕಂಡಿಲ್ಲ.

ಆದರೂ ನನಗೆ ಹೆಚ್ಚು ಭಯವಾಗುವುದು ಕಥೆ ಮುಗಿದು ಹಜಾರಕ್ಕೆ ಮರಳಿದಾಗ. ಅಲ್ಲೇ ಕೂತಿರುವ ಮನೋವೈದ್ಯರೊಬ್ಬರು ಪ್ರತಿ ಕಥೆಗೂ ಒಂದು ಸಮಜಾಯಿಷಿ ಕೊಡುತ್ತಾರೆ. ಕ್ರೇಗ್ ಎದ್ದು ಹೋಗಬೇಕೆನ್ನುತ್ತಾನೆ, ಮನೆಯವರು ಅಕ್ಕರೆಯಿಂದ ಮತ್ತೆ ಕೂರಿಸುತ್ತಾರೆ. ಬೇರೆಯವರ ಕಥೆ ಕೇಳುತ್ತಾ ಕೂತಷ್ಟೂ ಅವನ ಕೇಡು ಹತ್ತಿರವಾಗುತ್ತಿದೆ. ಕೊನೆಗೆ ಅವನು ವೈದ್ಯರ ಕತ್ತು ಹಿಸುಕಿ ಓಡುತ್ತಾನೆ. ಓಡುವುದು ತಾನು ಕೇಳಿದ ಕಥೆಗಳ ಒಳಕ್ಕೇ. ಸ್ಯಾಲಿಯ ಆ ಹಬ್ಬದ ಮನೆಗೂ ನುಗ್ಗುತ್ತಾನೆ.

ಅಮೆರಿಕದಲ್ಲಿ ಚಿತ್ರ ಉದ್ದವಾಯಿತೆಂದು ತೆಗೆದದ್ದು ಎರಡು ಕಥೆ: ಕ್ರಿಸ್‌ಮಸ್ಸಿನದು ಮತ್ತು ಗಾಲ್ಫ್ ಆಟಗಾರರದು. ಅಲ್ಲಿನ ಪ್ರೇಕ್ಷಕರಿಗೆ ಕ್ರೇಗ್ ಗುರುತೇ ಇಲ್ಲದ ಮನೆಯೊಂದರಲ್ಲಿ, ಗುರುತೇ ಇಲ್ಲದ ಮಕ್ಕಳ ನಡುವೆ ಓಡುವುದು ಕಂಡಿತು. ಗಾಲ್ಫ್ ಕಥೆ ಹಗುರ, ಹಾಸ್ಯದ್ದು. ಅದು ಚಿತ್ರದ ದುರ್ಬಲ ಭಾಗ ಎನ್ನುವವರು ಇಂದಿಗೂ ಇದ್ದಾರೆ. ಆದರೆ ಅದು ಇರುವುದು ಗೊಂಬೆಯ ಕಥೆಗೆ ಸರಿಯಾಗಿ ಮುಂಚೆ. ನಕ್ಕು ಮೈ ಸಡಿಲಾದವರ ಮೇಲೆ ಆ ಗೊಂಬೆ ಎರಗುತ್ತದೆ. ನಗುವನ್ನು ಕತ್ತರಿಸಿದವರು ಭಯದ ಅರ್ಧ ಪಾಲನ್ನೂ ಕತ್ತರಿಸಿದರು.

1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದ ಮಸಾಕಿ ಕೊಬಯಾಶಿಯವರ ‘ಕ್ವೈದಾನ್’ ಇನ್ನೂ ಸೂಕ್ಷ್ಮವಾದ ಸಂಗತಿ. ಲಫ್ಕಾಡಿಯೊ ಹರ್ನ್ ಬರೆದ ನಾಲ್ಕು ಜಪಾನಿ ಕಥೆಗಳು. ಅವನ್ನು ಕೂಡಿಸುವ ಹಜಾರವೇ ಇಲ್ಲ. ಎರಡನೆಯ ಕಥೆಯಲ್ಲಿ ಹಿಮದ ಹೆಣ್ಣು ಮರ ಕಡಿಯುವ ಯುವಕನ ಜೀವ ಉಳಿಸುತ್ತಾಳೆ; ಕಂಡದ್ದನ್ನು ಯಾರಿಗೂ ಹೇಳಬಾರದೆಂಬ ಕಟ್ಟು ಹಾಕುತ್ತಾಳೆ. ವರ್ಷಗಳ ಮೇಲೆ ಅವನು ಅದನ್ನು ಸ್ವಂತ ಹೆಂಡತಿಗೇ ಕಥೆಯಾಗಿ ಹೇಳುತ್ತಾನೆ. ಅವಳೇ ಇವಳು. ಮೂರನೆಯದರಲ್ಲಿ ಕುರುಡ ಗಾಯಕ ಹೊಯಿಚಿ ಸತ್ತ ಯೋಧರ ಮುಂದೆ ಅವರ ಸೋಲಿನ ಕಥೆಯನ್ನೇ ಹಾಡಿ ಕಿವಿ ಕಳೆದುಕೊಳ್ಳುತ್ತಾನೆ. ನಾಲ್ಕನೆಯದರಲ್ಲಿ ಲೇಖಕನೊಬ್ಬ ಕಥೆಯನ್ನು ಅರ್ಧಕ್ಕೆ ಬಿಟ್ಟು ಕಾಣೆಯಾಗಿದ್ದಾನೆ. ಹೇಳಬಾರದ್ದನ್ನು ಹೇಳಿದವನು, ಹೇಳಲೇಬೇಕಾದವನು, ಹೇಳಿ ಮುಗಿಸಲಾಗದವನು: ದಾರ ಕಣ್ಣಿಗೆ ಬೀಳದಂತೆ ಒಳಗೇ ಓಡುತ್ತದೆ. ಅಮೆರಿಕದ ಪ್ರದರ್ಶನಕ್ಕೆಂದು ಕೈಬಿಟ್ಟದ್ದು ಹಿಮದ ಹೆಣ್ಣಿನ ಕಥೆಯನ್ನು. ದಾರದ ಮೊದಲ ಗಂಟೇ ಬಿಚ್ಚಿಹೋಯಿತು.

ಮಾರಿಯೊ ಬಾವಾ ಅವರ 1963ರ ‘ಬ್ಲ್ಯಾಕ್ ಸಬ್ಬತ್’ಗೆ ಆದದ್ದು ಬೇರೆ ಬಗೆಯ ಅನ್ಯಾಯ. ಅಮೆರಿಕದ ಪ್ರತಿಯಲ್ಲಿ ಮೂರು ಕಥೆಗಳ ಕ್ರಮ ಬದಲಾಯಿತು, ಬದುಕಿರುವ ಮನುಷ್ಯನ ಬೆದರಿಕೆಯ ಕಥೆ ಪ್ರೇತದ ಕಥೆಯಾಯಿತು. ಇಟಲಿಯ ಪ್ರತಿಯ ಕೊನೆಯಲ್ಲಿ ಬೋರಿಸ್ ಕಾರ್ಲಾಫ್ ಕುದುರೆ ಸವಾರಿ ಮಾಡುತ್ತಿರುವಾಗ ಕ್ಯಾಮೆರಾ ಹಿಂದೆ ಸರಿದು, ಅದು ಸ್ಟುಡಿಯೋದ ಗೊಂಬೆ ಕುದುರೆ, ಕಾಡು ಎಂದರೆ ಕೊಂಬೆ ಹಿಡಿದು ಓಡುವ ಹುಡುಗರು ಎಂದು ತೋರಿಸಿಬಿಡುತ್ತದೆ. ಅಷ್ಟು ಹೆದರಿಸಿದ ನಿರ್ದೇಶಕ ಕೊನೆಗೆ ಪ್ರೇಕ್ಷಕರ ಕೈ ಹಿಡಿದು ಹೊರಗೆ ಕರೆತರುವ ಗಳಿಗೆ ಅದು. ಅದನ್ನೂ ತೆಗೆದರು.

ನಮ್ಮಲ್ಲೂ ಒಂದು ಉದಾಹರಣೆ ಇದೆ. ಟಾಗೋರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ಸತ್ಯಜಿತ್ ರೇ ಮಾಡಿದ ‘ತೀನ್ ಕನ್ಯಾ’ದ ನಡುವಿನ ಕಥೆ ‘ಮಣಿಹಾರ’. ಒಡವೆಯ ಮೋಹದ ಹೆಂಡತಿ, ಅವಳನ್ನು ಕಾಯುವ ಗಂಡ ಫಣಿಭೂಷಣ. ಶಾಲಾ ಮೇಷ್ಟ್ರೊಬ್ಬರು ಈ ಕಥೆಯನ್ನು ಘಾಟಿನ ಮೆಟ್ಟಿಲ ಮೇಲೆ ಮುಸುಕು ಹೊದ್ದ ಅಪರಿಚಿತನಿಗೆ ಹೇಳುತ್ತಾರೆ. ಕೇಳಿ ಮುಗಿಸಿದ ಮೇಲೆ ಅವನು ತಾನೇ ಫಣಿಭೂಷಣ ಎನ್ನುತ್ತಾನೆ. ಹೊರದೇಶಗಳಿಗೆ ಚಿತ್ರ ಹೋದಾಗ ‘ಮಣಿಹಾರ’ ಬಿಟ್ಟು ಎರಡೇ ಕಥೆ ಹೋದವು.

ಇಲ್ಲಿ ನಾನು ಹೇಳಬೇಕಾದ ಮಾತಿಗೆ ಬಂದೆ. ಬಿಡಿ ಕಥೆಯಲ್ಲಿ ಅಪಾಯ ಪಾತ್ರಕ್ಕೆ. ಪೋಣಿಸಿದ ಕಥೆಗಳಲ್ಲಿ ಅಪಾಯ ಕೇಳುತ್ತಾ ಕೂತವನಿಗೆ. ಕೇಳುಗನ ಸರದಿ ಯಾವಾಗ ಬರುತ್ತದೆ ಎಂದು ಕಾಯುವ ಆ ಸುಖ, ಆ ದಿಗಿಲು, ಇದೇ ಈ ಚಿತ್ರಗಳ ಆಕರ್ಷಣೆ. ಕನ್ನಡದ ಓದುಗರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ‘ಚಂದಮಾಮ’ದಲ್ಲಿ ಬೇತಾಳನ ಕಥೆ ಓದಿ ಬೆಳೆದವರಿಗೆ, ಕಥೆ ಯಾವುದೇ ಇರಲಿ, ಕಣ್ಣು ಇರುತ್ತಿದ್ದುದು ಹೆಣ ಹೊತ್ತ ರಾಜನ ಮೇಲೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳು, ಬಾಯಿಬಿಟ್ಟರೆ ಹೆಣ ಮತ್ತೆ ಮರಕ್ಕೆ.

ಬ್ರಿಟನ್ನಿನ ಆಮಿಕಸ್ ಸಂಸ್ಥೆ 1965ರ ‘ಡಾಕ್ಟರ್ ಟೆರರ್ಸ್ ಹೌಸ್ ಆಫ್ ಹಾರರ್ಸ್’ನಿಂದ ಹತ್ತು ವರ್ಷ ಈ ನಂಬಿಕೆಯ ಮೇಲೆಯೇ ನಡೆಯಿತು. ರೈಲು ಡಬ್ಬಿಯಲ್ಲಿ ಭವಿಷ್ಯ ಕೇಳುತ್ತಿರುವ ಐವರಿಗೂ ತಾವು ಸತ್ತಿರುವುದು ಗೊತ್ತಿಲ್ಲ. ಈ ಸಂಸ್ಥೆಯ ಬಿಡಿ ಕಥೆಗಳು ಬಹಳಷ್ಟು ಜಾಳು ಎಂಬುದನ್ನು ಒಪ್ಪುತ್ತೇನೆ. ಆದರೆ ಅದರದೇ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ನಲ್ಲಿ (1972) ಪೀಟರ್ ಕುಷಿಂಗ್ ಮಾಡಿರುವ ಒಂಟಿ ಮುದುಕನನ್ನು ದಯವಿಟ್ಟು ಗಮನಿಸಿ ನೋಡಿ. ಸತ್ತ ಹೆಂಡತಿಯ ಜೊತೆ ಮಾತಾಡುವ ಪಾತ್ರ ಅದು. ಕುಷಿಂಗ್ ತಮ್ಮ ಪತ್ನಿಯನ್ನು ಕಳೆದುಕೊಂಡದ್ದು 1971ರ ಜನವರಿಯಲ್ಲಿ. ಆ ಕಣ್ಣುಗಳಲ್ಲಿ ನಟನೆ ಎಲ್ಲಿ ಮುಗಿಯುತ್ತದೆ ಎಂದು ನನಗೆ ತಿಳಿಯುವುದಿಲ್ಲ.

ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ನೀವು ನೋಡಿದ್ದು ಯಾವ ದೇಶದ ಪ್ರತಿ, ಎಷ್ಟು ಕಥೆಗಳದ್ದು, ಯಾವ ಕ್ರಮದಲ್ಲಿದ್ದದ್ದು ಎಂಬುದನ್ನು ಮೊದಲಿಗೇ ಹೇಳಿ. ಒಟಿಟಿಯ ಈಗಿನ ಸರಣಿಗಳ ಬಗ್ಗೆ ಮಾತಾಡುವವರು ಇನ್ನೊಂದನ್ನೂ ಸೇರಿಸಿಕೊಳ್ಳಿ: ಬೇಡದ ಕಥೆಯನ್ನು ನೋಡುಗನೇ ಹಾರಿಸಿ ಮುಂದೆ ಹೋಗಬಹುದಾದಾಗ, ಕೂತು ಕೇಳಲೇಬೇಕಾದ ಆ ಕೇಳುಗ ಚಿತ್ರದೊಳಗೆ ಎಲ್ಲಿ ಉಳಿದಿದ್ದಾನೆ? ಚರ್ಚೆ ಅಲ್ಲಿಂದ ಶುರುವಾಗಲಿ.