ತಡವಾಗಿ ಹತ್ತಿದ ಆಕಾಶ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ನೆಟ್ಟ ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕಾಗುತ್ತದೆ. ಅಷ್ಟು ಕಾಲ ಅದರ ಬುಡಕ್ಕೆ ನೀರೆರೆಯುವ ರೈತ ತನ್ನ ವಯಸ್ಸನ್ನು ಲೆಕ್ಕ ಹಾಕುತ್ತ ಕೂರುವುದಿಲ್ಲ.

ಇದೇ ಸೀಮೆಯ ಜಾವಗಲ್ ಬಳಿ, ಗೊರೂರಿನವರಾದ, 1951ರಲ್ಲಿ ಹುಟ್ಟಿದ ಜಿ.ಆರ್. ಗೋಪಿನಾಥ್ ಅವರು ಸೇನೆಯ ಕ್ಯಾಪ್ಟನ್ ಹುದ್ದೆಯನ್ನು ಬಿಟ್ಟು ಬಂದು, ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆತನದ ಜಮೀನಿಗೆ ಪರಿಹಾರವಾಗಿ ದೊರೆತ ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ಬೇಸಾಯಕ್ಕಿಳಿದರು. ತೆಂಗು ಮತ್ತು ರೇಷ್ಮೆಯಲ್ಲಿ ಹಲವು ವರ್ಷ ಕಳೆದು, ನಲವತ್ತು ದಾಟಿದ ಮೇಲೆ ಅವರು ಹೆಲಿಕಾಪ್ಟರ್ ಬಾಡಿಗೆ ಸಂಸ್ಥೆಯನ್ನು ಕಟ್ಟಿದರು. 2003ರಲ್ಲಿ, ಐವತ್ತು ದಾಟಿದ ಮೇಲೆ, ಏರ್ ಡೆಕ್ಕನ್ ಆರಂಭಿಸಿ, ಸಾಮಾನ್ಯರ ಕೈಗೆಟುಕುವ ದರದಲ್ಲಿ ವಿಮಾನ ಹಾರಿಸಿದರು. ಆ ಸಂಸ್ಥೆ ಮುಂದೆ ಬೇರೆಯವರ ಕೈಸೇರಿತು ನಿಜ, ಆದರೆ ಅದು ತೆರೆದ ದಾರಿ ಮುಚ್ಚಲಿಲ್ಲ.

ಅವರದು ಸಂಸ್ಥೆ ಕಟ್ಟುವ ಸಾಹಸ. ಸ್ವತಃ ವಿಮಾನ ನಡೆಸಬಯಸುವವರಿಗೆ ಕಾಲದ ಲೆಕ್ಕ ಇನ್ನೂ ಬಿಗಿಯಾದುದು. ವಾಣಿಜ್ಯ ಪೈಲಟ್ ಪರವಾನಗಿಗೆ, ಎಂದರೆ ಸಂಬಳ ಪಡೆದು ವಿಮಾನ ಹಾರಿಸಲು ಬೇಕಾದ ಅನುಮತಿಪತ್ರಕ್ಕೆ, ಭಾರತದಲ್ಲಿ ಕನಿಷ್ಠ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟದ ಅನುಭವವಿರಬೇಕು ಮತ್ತು ಕಣ್ಣು, ಕಿವಿ, ಹೃದಯಗಳನ್ನು ಪರೀಕ್ಷಿಸುವ ಮೊದಲ ದರ್ಜೆಯ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಿರಬೇಕು. ಪ್ರಯಾಣಿಕರ ವಿಮಾನವನ್ನು 65ನೆಯ ವಯಸ್ಸಿನವರೆಗೆ ನಡೆಸಬಹುದಾದ್ದರಿಂದ, ನಲವತ್ತರಲ್ಲಿ ಪರವಾನಗಿ ಪಡೆದವರ ಮುಂದೆಯೂ ಇಪ್ಪತ್ತೈದು ವರ್ಷಗಳಿರುತ್ತವೆ.

ಆ ಹಾದಿಗೆ ಮನಸ್ಸು ಮಾಡಿದ ಕೇಳುಗರು, ತರಬೇತಿಯ ದೊಡ್ಡ ಸಾಲಕ್ಕೆ ಸಹಿ ಹಾಕುವ ಮೊದಲು, ವೈದ್ಯಕೀಯ ತಪಾಸಣೆಯನ್ನು ಮುಗಿಸಿಕೊಳ್ಳಲಿ.