ಮರಿ ಆಗಲಿಲ್ಲ ಅಂದ್ರೆ ತಪ್ಪು ಯಾರದು? ಮೊಟ್ಟೆ ಮಾರಿದವರದಾ, ಕೊಂಡವರದಾ?



ಕಾವಿಗಿಡುವ ಮೊಟ್ಟೆಯನ್ನ ದೂರದ ಊರಿಂದ ತರಿಸೋದು ಈಗ ಸಾಮಾನ್ಯ. ಅದರ ಜೊತೆಗೆ ಜಗಳಾನೂ ಸಾಮಾನ್ಯ. "ಬರಡು ಮೊಟ್ಟೆ ಕೊಟ್ರಿ" ಅಂತ ಇವರು, "ನಿಮ್ಮ ಮಷೀನೇ ಸರಿ ಇಲ್ಲ" ಅಂತ ಅವರು. ನಾನು ಹೇಳೋದು ಇಷ್ಟೆ: ಈ ಜಗಳಕ್ಕೆ ಸಾಕ್ಷಿ, ಮರಿಯಾಗದೆ ಉಳಿದ ಮೊಟ್ಟೆಗಳೇ. ಅವನ್ನ ತಿಪ್ಪೆಗೆ ಎಸೀಬೇಡಿ.

ನಾನಿರೋದು ನಾಸಿಕದಲ್ಲಿ. ಇಲ್ಲಿಯ ಒಬ್ಬರು ಛತ್ರಪತಿ ಸಂಭಾಜಿನಗರದ, ಅಂದ್ರೆ ಮೊದಲಿನ ಔರಂಗಾಬಾದಿನ, ಒಬ್ಬ ರೈತರಿಗೆ 100 ಮೊಟ್ಟೆ ಕಳಿಸಿದ್ರು. ಬೇಸಿಗೆ, ಯೇವಲಾ–ವೈಜಾಪುರ ದಾರಿ, ಬಸ್ಸಿನಲ್ಲಿ ಪ್ರಯಾಣ. 21 ದಿನ ಕಳೆದ ಮೇಲೆ ಬಂದದ್ದು 41 ಮರಿ. ರೈತರು ಪೂರ್ತಿ ಹಣ ವಾಪಸ್ ಕೇಳಿದ್ರು, ಮಾರಿದವರು ಒಂದು ರೂಪಾಯಿನೂ ಕೊಡಲ್ಲ ಅಂದ್ರು. ಇಬ್ಬರಿಗೂ ಪರಿಚಯದವನು ಅಂತ ನನ್ನನ್ನ ನಡುವೆ ಕೂರಿಸಿದ್ರು.

ಉಳಿದ 59 ಮೊಟ್ಟೆ ಒಂದೊಂದಾಗಿ ಒಡೆದು ನೋಡಿದ್ವಿ. 26ರಲ್ಲಿ ಹಳದಿ ಹಾಗೇ ಇತ್ತು, ಅದರ ಮೇಲೆ ಸಣ್ಣ ಬಿಳಿ ಚುಕ್ಕೆ ಮಾತ್ರ. ಹುಂಜ ಕೂಡದ ಮೊಟ್ಟೆ ಅವು, ಹೊಣೆ ಮಾರಿದವರದು. 14ರಲ್ಲಿ ರಕ್ತದ ಉಂಗುರ: ಶುರುವಾದ ಜೀವ ಮೊದಲ ದಿನಗಳಲ್ಲೇ ಹೋಗಿದೆ. ಹಳೇ ದಾಸ್ತಾನು, ದಾರಿಯ ಬಿಸಿಲು, ಕುಲುಕಾಟ, ಬಂದ ತಕ್ಷಣ ಮಷೀನಿಗೆ ಇಟ್ಟದ್ದು, ಯಾವುದೂ ಕಾರಣ ಇರಬಹುದು. ಅದನ್ನ ಅರ್ಧರ್ಧ ಹಂಚಿದ್ವಿ. 19ರಲ್ಲಿ ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿತ್ತು. ಇದು ಹೆಚ್ಚಾಗಿ ಮಷೀನಿನ ಉಷ್ಣತೆ, ತೇವಾಂಶದ ಏರುಪೇರು. ಅದನ್ನ ರೈತರು ಒಪ್ಪಿಕೊಂಡ್ರು. ಕೊನೆಗೆ 33 ಹೊಸ ಮೊಟ್ಟೆ ಕೊಡೋದು ಅಂತ ತೀರ್ಮಾನ ಆಯ್ತು. ಇಬ್ಬರೂ ಚಹಾ ಕುಡಿದು ಎದ್ರು.

ಹಾಗಾಗಿ ಹಣ ಕೊಡೋ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. "ಇಷ್ಟು ಮರಿ ಗ್ಯಾರಂಟಿ" ಅನ್ನೋ ಮಾತು ಬೇಡ, ಅದು ಮಾರಿದವರ ಕೈಯಲ್ಲಿ ಪೂರ್ತಿ ಇಲ್ಲ. "7ನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದಾಗ ನೂರಕ್ಕೆ ಇಷ್ಟರಲ್ಲಿ ರಕ್ತನಾಳ ಕಾಣಬೇಕು, ಕಡಿಮೆಯಾದ್ರೆ ಅಷ್ಟು ಮೊಟ್ಟೆ ಬದಲಿ" ಅಂತ ಬರೀಲಿ. ಮೊಟ್ಟೆ ಇಟ್ಟ ತಾರೀಕೂ ಕೇಳಿ, ಒಂದು ವಾರ ಮೀರಿದ್ದು ಬೇಡ. ಪಾರ್ಸೆಲ್ ಬಿಚ್ಚೋದನ್ನ ವಿಡಿಯೋ ಮಾಡಿ. ಅಗಲ ತುದಿ ಮೇಲೆ ಮಾಡಿ 12ರಿಂದ 24 ಗಂಟೆ ಸುಮ್ಮನೆ ಇಟ್ಟು, ಆಮೇಲೆ ಕಾವಿಗಿಡಿ. ಫ್ಯಾನ್ ಇರೋ ಮಷೀನಾದ್ರೆ 37.5 ಡಿಗ್ರಿ ಆಸುಪಾಸು ಇರಲಿ, ದಿನಾ ಬರೆದಿಡಿ. ನಾಳೆ ಯಾರಾದ್ರೂ "ನಿಮ್ಮ ಮಷೀನ್" ಅಂದ್ರೆ ಆ ಪುಸ್ತಕವೇ ಉತ್ತರ.

ಮಾತಿಗೆ ಬಗ್ಗದಿದ್ರೆ? ಮೊದಲು ಗ್ರಾಹಕ ಸಹಾಯವಾಣಿ 1915. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. "ವ್ಯಾಪಾರಕ್ಕೆ ಕೊಂಡಿದ್ದೀರಿ, ನೀವು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದಿಸ್ತಾರೆ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕಷ್ಟೇ ಕೊಂಡವರು ಗ್ರಾಹಕರೇ. ಮರುಮಾರಾಟಕ್ಕೆ ಕೊಂಡವರಿಗೆ ಇದು ಸಿಗಲ್ಲ. ಸಂಭಾಜಿನಗರದವರು ನಾಸಿಕಕ್ಕೆ ಅಲೆಯಬೇಕಿಲ್ಲ, ತಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಗಡುವು 2 ವರ್ಷ.

ಆದರೂ ನೂರು ಮೊಟ್ಟೆಗೆ ಆಯೋಗದ ಮೆಟ್ಟಿಲು ಹತ್ತೋದಕ್ಕಿಂತ, ಇಬ್ಬರೂ ಕೂತು ಮೊಟ್ಟೆ ಒಡೆದು ನೋಡೋದು ಲೇಸು. ಒಳ್ಳೇ ತಳಿ ಇಟ್ಟಿರೋ ಮಾರಾಟಗಾರರು ನಾಳೆಗೂ ಬೇಕಲ್ಲ!